ಮೈಸೂರಿನಲ್ಲಿ ಪೇಸ್‌ಮೇಕರ್ ಬದಲಾಯಿಸಿಕೊಂಡು ಬಂದೆವು: ಸೋಂಕು ತಡೆಯುವ ಕೆಲಸ ಅಲ್ಲಿ ಹೇಗಿತ್ತು

ನಮ್ಮ ಯಜಮಾನರ ಪೇಸ್‌ಮೇಕರ್‌ನ ಬ್ಯಾಟರಿ ಮುಗಿಯುತ್ತಾ ಬಂದಿತ್ತು. ಹೃದಯದ ಬಡಿತ ಸರಿ ಇಡಲು ಎದೆಯ ಚರ್ಮದ ಕೆಳಗೆ ಕೂರಿಸಿ, ವಯರ್ ಮೂಲಕ ಹೃದಯಕ್ಕೆ ಜೋಡಿಸುವ ಪುಟ್ಟ ಮಷಿನ್ ಅದು. ಈ ಬೇಸಿಗೆಯಲ್ಲಿ ಮೈಸೂರಿನ ಒಂದು ಹೃದ್ರೋಗ ಆಸ್ಪತ್ರೆಯಲ್ಲಿ ಹೊಸ ಮಷಿನ್ ಹಾಕಿಸಿಕೊಂಡು ಬಂದೆವು. ಮಂಡ್ಯದಲ್ಲಿ ನಮಗೆ ಗೊತ್ತಿರುವವರಲ್ಲೇ ಪೇಸ್‌ಮೇಕರ್ ಇರುವವರು ಹಲವರಿದ್ದಾರೆ. "ಅಲ್ಲಿ ಹೇಗೆ? ನಾವೂ ಹೋಗಬಹುದಾ?" ಎಂದು ಕೇಳುತ್ತಲೇ ಇರುತ್ತಾರೆ. ಅವರಿಗೆಲ್ಲ ಸೇರಿಸಿ ಒಂದೇ ಸಲ ಬರೆಯುತ್ತಿದ್ದೇನೆ. ರೂಮು, ಕ್ಯಾಂಟೀನು, ಗಾಡಿ ನಿಲ್ಲಿಸುವ ಜಾಗ ಎಲ್ಲಾ ಪರವಾಗಿಲ್ಲ. ಆ ವಿಷಯ ಇಷ್ಟು ಸಾಕು. ನಾನು ಅಲ್ಲಿ ಕಣ್ಣಿಟ್ಟು ನೋಡಿದ್ದು ಒಂದನ್ನೇ. ಮಷಿನ್‌ಗೆ ಸೋಂಕು ತಗುಲದ ಹಾಗೆ ಇವರು ಏನೇನು ಮಾಡುತ್ತಾರೆ?

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಓಟಿ (ಆಪರೇಷನ್ ಥಿಯೇಟರ್) ಸಿಸ್ಟರ್ ಆಗಿದ್ದು ನಿವೃತ್ತಿ ಆದವಳು. ಡಾಕ್ಟರ ಕೈಚಳಕವನ್ನು ಹೊರಗಿನವರು ಅಳೆಯಲು ಆಗುವುದಿಲ್ಲ. ಆದರೆ ಕೈ ತೊಳೆಯುವ ರೀತಿ, ಇಂಜೆಕ್ಷನ್ ಕೊಡುವ ಸಮಯ, ಡ್ರೆಸ್ಸಿಂಗ್ ಮುಟ್ಟುವ ರೀತಿ ಇವನ್ನು ಯಾರು ಬೇಕಾದರೂ ನೋಡಬಹುದು. ಆಸ್ಪತ್ರೆಯ ಹೆಸರು ಹಾಕಿಲ್ಲ. ಇದರಲ್ಲಿ ಮೆಚ್ಚುಗೆಯೂ ಇದೆ, ದೂರೂ ಇದೆ. ನೀವು ಯಾವ ಆಸ್ಪತ್ರೆಗೆ ಹೋದರೂ ಇದೇ ವಿಷಯಗಳನ್ನು ನೋಡಬೇಕಾಗುತ್ತದೆ.

ಇದರ ಮೇಲೆ ನನಗೆ ಇಷ್ಟು ಕಾಳಜಿ ಬಂದದ್ದು ನಮ್ಮ ಮೈದುನನಿಂದ. ಅವನಿಗೂ ಪೇಸ್‌ಮೇಕರ್ ಇತ್ತು. ಹಾಕಿಸಿ ಒಂದು ವರ್ಷ ದಾಟಿದ ಮೇಲೆ ಮಷಿನ್ ಇರುವ ಜಾಗದ ಚರ್ಮ ಕೆಂಪಾಯಿತು. ಆಮೇಲೆ ತೆಳ್ಳಗಾಗಿ ಹೊಳೆಯತೊಡಗಿತು. ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ಆಂಟಿಬಯಾಟಿಕ್ ಮಾತ್ರೆ ಬರೆದುಕೊಟ್ಟರು. ನುಂಗಿದಾಗ ಕೆಂಪು ಕಡಿಮೆ ಆಗುತ್ತಿತ್ತು, ಬಿಟ್ಟ ಮೇಲೆ ಮತ್ತೆ ಬರುತ್ತಿತ್ತು. ಮತ್ತೆ ಅದೇ ಮಾತ್ರೆ. ಹೀಗೇ ತಿಂಗಳುಗಳು ಹೋದವು. ಕೊನೆಗೆ ಒಂದು ಮೂಲೆಯಲ್ಲಿ ಚರ್ಮ ಬಿರಿದು ಲೋಹವೇ ಕಾಣಿಸಿತು. ದೊಡ್ಡ ಆಸ್ಪತ್ರೆಗೆ ಹೋದಾಗ ಡಾಕ್ಟರು ಮಷಿನ್ ಜೊತೆಗೆ ಹೃದಯದೊಳಗಿನ ವಯರ್‌ಗಳನ್ನೂ ತೆಗೆಯಬೇಕು ಎಂದರು. ತೆಗೆದರು. ಸೋಂಕು ಪೂರ್ತಿ ಹೋಗುವ ತನಕ ಕಾಯ್ದು, ಎದೆಯ ಇನ್ನೊಂದು ಬದಿಗೆ ಹೊಸದು ಹಾಕಿದರು. ಈಗ ಚೆನ್ನಾಗಿದ್ದಾನೆ. ಆದರೆ ಆ ಮನೆಯವರು ಪಟ್ಟ ಪಾಡು ಯಾರಿಗೂ ಬೇಡ.

ಮಾತ್ರೆಗೆ ಅದು ಯಾಕೆ ಬಗ್ಗಲಿಲ್ಲ ಅನ್ನುವುದನ್ನು ಎಲ್ಲರೂ ತಿಳಿದಿರಬೇಕು. ನಮ್ಮ ಚರ್ಮದ ಮೇಲೆ ಸ್ಟ್ಯಾಫಿಲೊಕಾಕಸ್ ಜಾತಿಯ ಬ್ಯಾಕ್ಟೀರಿಯಾ ಯಾವಾಗಲೂ ಇರುತ್ತವೆ. ಸುಮ್ನೆ ಚರ್ಮದ ಮೇಲಿದ್ದರೆ ತೊಂದರೆ ಇಲ್ಲ. ಆಪರೇಷನ್ ಹೊತ್ತಿನಲ್ಲಿ ಒಳಗೆ ಇಳಿದರೆ ಮಷಿನ್ ಮತ್ತು ವಯರ್ ಮೇಲೆ ಒಂದು ಪದರ ಕಟ್ಟಿಕೊಂಡು ಕೂರುತ್ತವೆ. ವಿ.ಸಿ. ನಾಲೆಯ ಕಲ್ಲಿಗೆ ಪಾಚಿ ಹಿಡಿಯುತ್ತದಲ್ಲ, ಹಾಗೆ. ಆ ಪದರದೊಳಗೆ ಔಷಧ ಸರಿಯಾಗಿ ಇಳಿಯುವುದಿಲ್ಲ. ರಕ್ತದಲ್ಲಿರುವ ಬಿಳಿ ಕಣಗಳಿಗೂ ಅಲ್ಲಿ ಹೆಚ್ಚು ಕೆಲಸ ಮಾಡಲು ಆಗುವುದಿಲ್ಲ. ಲೋಹಕ್ಕೆ, ಪ್ಲಾಸ್ಟಿಕ್‌ಗೆ ರಕ್ತನಾಳ ಇಲ್ಲವಲ್ಲ. ಅದಕ್ಕೇ ಸೋಂಕು ಮಷಿನ್‌ಗೆ ಹತ್ತಿದೆ ಎಂದು ಖಚಿತವಾದರೆ ಎಲ್ಲವನ್ನೂ ತೆಗೆಯುವುದೇ ಚಿಕಿತ್ಸೆ. ಬರೀ ಆಂಟಿಬಯಾಟಿಕ್ ಕೊಟ್ಟು ಕಾಯುತ್ತಾ ಕೂತರೆ ಅದು ವಯರ್ ಹಿಡಿದುಕೊಂಡು ಹೃದಯದ ಕವಾಟದವರೆಗೆ ಹೋಗಬಹುದು. ಹಳೆಯ ವಯರ್‌ಗಳು ರಕ್ತನಾಳದ ಗೋಡೆಗೂ ಹೃದಯದ ಮಾಂಸಕ್ಕೂ ಅಂಟಿಕೊಂಡಿರುತ್ತವೆ. ಅವನ್ನು ಬಿಡಿಸಿ ಎಳೆಯುವುದು ಎಲ್ಲಾ ಆಸ್ಪತ್ರೆಯಲ್ಲೂ ಆಗುವ ಕೆಲಸ ಅಲ್ಲ. ಅದಕ್ಕೆ ಬೇರೆ ಉಪಕರಣ ಬೇಕು, ಪಳಗಿದ ಕೈ ಬೇಕು. ಏನಾದರೂ ಆದರೆ ತಕ್ಷಣ ಎದೆ ತೆರೆಯಲು ಸರ್ಜನ್ ಹತ್ತಿರದಲ್ಲೇ ಇರಬೇಕು.

ಇದು ಎಲ್ಲರಿಗೂ ಬರುವಂಥದ್ದಲ್ಲ. ನೂರು ಜನರಲ್ಲಿ ಒಬ್ಬರಿಗೋ ಇಬ್ಬರಿಗೋ. ಆದರೆ ಮೊದಲ ಸಲ ಹಾಕಿಸುವುದಕ್ಕಿಂತ ಬ್ಯಾಟರಿ ಬದಲಾಯಿಸುವಾಗ ಅಪಾಯ ಜಾಸ್ತಿ. ನಮ್ಮ ಕಡೆ ಜನ ಇದನ್ನು ಉಲ್ಟಾ ತಿಳಿದಿರುತ್ತಾರೆ. "ಬರೀ ಬ್ಯಾಟರಿ ತಾನೇ, ಅರ್ಧ ಗಂಟೆ ಕೆಲಸ" ಅನ್ನುತ್ತಾರೆ. ಬ್ಯಾಟರಿ ಮಾತ್ರ ಬಿಚ್ಚಿ ಹಾಕಲು ಬರುವುದಿಲ್ಲ. ಇಡೀ ಡಬ್ಬಿಯನ್ನೇ ಬದಲಾಯಿಸಬೇಕು. ಎಂಟು, ಹತ್ತು, ಹನ್ನೆರಡು ವರ್ಷ ಮಷಿನ್ ಕೂತ ಜಾಗದ ಸುತ್ತ ಗಟ್ಟಿ ಗಾಯದ ಪೊರೆ ಬೆಳೆದಿರುತ್ತದೆ. ಅಲ್ಲಿ ರಕ್ತದ ಓಡಾಟ ಕಡಿಮೆ. ರಕ್ತ ಕಡಿಮೆ ಹೋಗುವ ಕಡೆಗೆ ಔಷಧವೂ ಕಡಿಮೆ ಹೋಗುತ್ತದೆ. ಅದನ್ನು ಮತ್ತೆ ಕತ್ತರಿಸಿ ತೆರೆಯುವುದು ಅಂದರೆ ಸಣ್ಣ ಮಾತಲ್ಲ. ಅದರ ಮೇಲೆ ನಮ್ಮವರಿಗೆ ಸಕ್ಕರೆ ಕಾಯಿಲೆ ಇದೆ, ಕಿಡ್ನಿ ಸ್ವಲ್ಪ ಸೋತಿದೆ, ಹೃದಯದ ಬಡಿತ ಏರುಪೇರಾಗುವುದರಿಂದ ರಕ್ತ ತೆಳು ಮಾಡುವ ವಾರ್ಫರಿನ್ ಮಾತ್ರೆಯೂ ಇದೆ. ಸೋಂಕಿನ ಅಪಾಯ ಯಾರಿಗೆ ಜಾಸ್ತಿ ಎಂದು ಪಟ್ಟಿ ಮಾಡಿದರೆ ಅವರ ಹೆಸರು ಮೇಲೇ ಬರುತ್ತದೆ.

ಈಗ ಆಸ್ಪತ್ರೆಯ ವಿಷಯ. ನನಗೆ ತುಂಬಾ ಮೆಚ್ಚುಗೆ ಆದದ್ದು, ಅವರು ನಮ್ಮನ್ನು ಮೊದಲ ಸಲ ವಾಪಸ್ ಕಳಿಸಿದ್ದು. ಅಡ್ಮಿಟ್ ಆಗಲು ಬಟ್ಟೆಬರೆ ಕಟ್ಟಿಕೊಂಡು ಹೋಗಿದ್ದೆವು. ವಾರ್ಡಿನ ಸಿಸ್ಟರ್ ಅಂಗಿ ಬಿಚ್ಚಿಸಿ ಮುಂದೆ ಹಿಂದೆ ಎರಡೂ ಕಡೆ ನೋಡಿದಳು. ಬೆನ್ನಲ್ಲಿ ಒಂದು ಕುರು ಎದ್ದಿತ್ತು. ಬಿಸಿಲಿಗೆ ನಮ್ಮವರಿಗೆ ಹಾಗೆ ಆಗುತ್ತಿರುತ್ತದೆ. "ಅಮ್ಮಾ, ಇದು ಒಣಗಲಿ. ಡಾಕ್ಟರಿಗೆ ಹೇಳುತ್ತೇನೆ" ಎಂದಳು. ಡಾಕ್ಟರು ಬಂದು ನೋಡಿ, ಮಷಿನ್ ಚೆಕ್ ಮಾಡಿಸಿದರು. ಬ್ಯಾಟರಿಯಲ್ಲಿ ಇನ್ನೂ ಕೆಲವು ವಾರಗಳ ಶಕ್ತಿ ಇದೆ ಎಂದು ಖಚಿತ ಮಾಡಿಕೊಂಡು ದಿನ ಮುಂದೆ ಹಾಕಿದರು. ಯಜಮಾನರಿಗೆ ಸಿಟ್ಟು ಬಂತು. "ಬೆನ್ನಿನ ಕುರುವಿಗೂ ಎದೆಗೂ ಏನು ಸಂಬಂಧ?" ಅಂದರು. ಸಂಬಂಧ ಇದೆ. ಮೈಯಲ್ಲಿ ಎಲ್ಲೇ ಕೀವಿದ್ದರೂ ರೋಗಾಣು ರಕ್ತಕ್ಕೆ ಇಳಿದು ಹೊಸ ಲೋಹದ ಮೇಲೆ ಕೂರಬಹುದು. ಹಿಂದಿನ 24 ಗಂಟೆಯಲ್ಲಿ ಜ್ವರ ಬಂದಿದ್ದರೂ ಅಷ್ಟೇ, ತೀರಾ ತುರ್ತು ಇಲ್ಲದಿದ್ದರೆ ಮುಂದೆ ಹಾಕಬೇಕು. ಬೆಡ್ ಖಾಲಿ ಬಿಟ್ಟು, ಬಿಲ್ಲನ್ನೂ ಬಿಟ್ಟು ರೋಗಿಯನ್ನು ಮನೆಗೆ ಕಳಿಸುವ ಆಸ್ಪತ್ರೆ ಸಿಕ್ಕರೆ ಸಿಟ್ಟಾಗಬೇಡಿ. ಅವರ ಮೇಲೆ ನಂಬಿಕೆ ಇಡಬಹುದು.

ಆ ಬಿಡುವಿನಲ್ಲಿ ಸಕ್ಕರೆಯನ್ನು ಹತೋಟಿಗೆ ತರಲು ಹೇಳಿದರು. ಹಲ್ಲು ನೋವೇನಾದರೂ ಇದ್ದರೆ ಈಗಲೇ ತೋರಿಸಿಕೊಳ್ಳಿ ಎಂದರು.

ವಾರ್ಫರಿನ್ ವಿಷಯದಲ್ಲಿ ಇವರು ಮಾಡಿದ್ದು ಬಹಳ ಜನರಿಗೆ ಆಶ್ಚರ್ಯ ಆಗಬಹುದು. ಮೊದಲೆಲ್ಲ ಆಪರೇಷನ್ ಎಂದರೆ ವಾರ್ಫರಿನ್ ನಿಲ್ಲಿಸಿ, ಅದರ ಬದಲು ರಕ್ತ ತೆಳು ಮಾಡುವ ಇನ್ನೊಂದು ಔಷಧವಾದ ಹೆಪಾರಿನ್ ಇಂಜೆಕ್ಷನ್ ಕೊಡುವ ಪದ್ಧತಿ ಇತ್ತು. ನಾನು ಕೆಲಸದಲ್ಲಿದ್ದಾಗ ಅದೇ ನಡೆಯುತ್ತಿತ್ತು. 2013ರಲ್ಲಿ ಬ್ರೂಸ್ ಕಂಟ್ರೋಲ್ ಅನ್ನುವ ಅಧ್ಯಯನ ಬಂತು. ಹೆಪಾರಿನ್‌ಗೆ ಬದಲಾಯಿಸಿದವರಲ್ಲಿ ನೂರಕ್ಕೆ 16 ಜನರಿಗೆ ಮಷಿನ್ ಜಾಗದಲ್ಲಿ ರಕ್ತ ತುಂಬಿ ದೊಡ್ಡದಾಗಿ ಊದಿಕೊಂಡಿತ್ತು. ವಾರ್ಫರಿನ್ ನಿಲ್ಲಿಸದೇ ಇದ್ದವರಲ್ಲಿ ಅದು ನೂರಕ್ಕೆ 3.5 ಮಾತ್ರ. ಅದೇ ರೋಗಿಗಳನ್ನು ಮುಂದೆ ಒಂದು ವರ್ಷ ಗಮನಿಸಿದಾಗ, ಹಾಗೆ ರಕ್ತ ತುಂಬಿದವರಿಗೆ ಗಂಭೀರ ಸೋಂಕು ಬರುವ ಸಂಭವ ಏಳು ಪಟ್ಟಿಗಿಂತ ಜಾಸ್ತಿ ಇತ್ತು. ಹೆಪ್ಪುಗಟ್ಟಿದ ರಕ್ತ ಬ್ಯಾಕ್ಟೀರಿಯಾಗೆ ಒಳ್ಳೆಯ ಊಟ. ನಮ್ಮ ಡಾಕ್ಟರು ಇದನ್ನು ಕನ್ನಡದಲ್ಲೇ, ಅವಸರ ಮಾಡದೆ ವಿವರಿಸಿದರು. ವಾರ್ಫರಿನ್ ಮುಂದುವರಿಸಿ, ರಕ್ತ ಎಷ್ಟು ತೆಳುವಾಗಿದೆ ಎಂದು ತಿಳಿಸುವ ಐಎನ್ಆರ್ ರಕ್ತಪರೀಕ್ಷೆ ನೋಡಿಕೊಂಡೇ ಕೆಲಸ ಮಾಡಿದರು. ಆದರೆ ಇದನ್ನು ಓದಿ ಯಾರೂ ತಾವಾಗಿಯೇ ತೀರ್ಮಾನ ಮಾಡಬೇಡಿ. ರಕ್ತ ತೆಳು ಮಾಡುವ ಹೊಸ ಮಾತ್ರೆಗಳ ಲೆಕ್ಕ ಬೇರೆ. ಆಸ್ಪಿರಿನ್, ಕ್ಲೋಪಿಡೊಗ್ರೆಲ್ ಎರಡೂ ತೆಗೆದುಕೊಳ್ಳುವವರ ಲೆಕ್ಕವೂ ಬೇರೆ. ನಿಮ್ಮ ಡಾಕ್ಟರನ್ನು ಕೇಳಿ. ಸರಿಯಾದ ಕಾರಣ ಹೇಳದೆ "ಎಲ್ಲಾ ಮಾತ್ರೆ ನಿಲ್ಲಿಸಿಬಿಡಿ" ಎಂದರೆ ಇನ್ನೊಂದು ಸಲ ಕೇಳಿ.

ಆಪರೇಷನ್ ದಿನ ನಾನು ಕ್ಯಾತ್‌ಲ್ಯಾಬ್ (ಪೇಸ್‌ಮೇಕರ್ ಹಾಕುವ ಕೋಣೆ) ಒಳಗೆ ಹೋಗಲಿಲ್ಲ. ಹೋಗಬಾರದು ಕೂಡ. ಬಾಗಿಲ ಹೊರಗೆ ಕೂತು ಕಂಡಷ್ಟನ್ನು ಬರೆಯುತ್ತೇನೆ. ಎದೆಯ ಕೂದಲನ್ನು ರೇಜರ್‌ನಿಂದ ಬೋಳಿಸಲಿಲ್ಲ. ಕ್ಲಿಪ್ಪರ್ ಮಷಿನ್‌ನಿಂದ ಕತ್ತರಿಸಿದರು. ರೇಜರ್ ಎಳೆದರೆ ಕಣ್ಣಿಗೆ ಕಾಣದ ಸಣ್ಣ ಗೀರು ಬಿದ್ದು, ಅದರಲ್ಲೇ ಬ್ಯಾಕ್ಟೀರಿಯಾ ಬೆಳೆಯುತ್ತವೆ. ನಮ್ಮ ಕಾಲದಲ್ಲಿ ಹಿಂದಿನ ರಾತ್ರಿಯೇ ವಾರ್ಡ್‌ಬಾಯ್ ಬಂದು ನುಣ್ಣಗೆ ಬೋಳಿಸಿ ಹೋಗುತ್ತಿದ್ದ. ಅದು ಹೋಯಿತಲ್ಲ, ಸಂತೋಷ. ಚರ್ಮಕ್ಕೆ ಆಲ್ಕೋಹಾಲ್ ಬೆರೆಸಿದ, ರೋಗಾಣು ಕೊಲ್ಲುವ ಕ್ಲೋರ್‌ಹೆಕ್ಸಿಡಿನ್ ಹಚ್ಚಿ ಪೂರ್ತಿ ಒಣಗಲು ಬಿಡುತ್ತೇವೆ ಎಂದು ಟೆಕ್ನಿಷಿಯನ್ ಹೇಳಿದರು. ಈ ಒಣಗಲು ಬಿಡುವುದು ಬಹಳ ಮುಖ್ಯ. ಅವಸರದಲ್ಲಿ ಒದ್ದೆ ಇರುವಾಗಲೇ ಬಟ್ಟೆ ಹೊದಿಸಿದರೆ ಔಷಧ ಹಚ್ಚಿದ್ದಕ್ಕೆ ಪೂರ್ತಿ ಫಲ ಇಲ್ಲ. ಕಾಟರಿ (ಸುಟ್ಟು ರಕ್ತ ನಿಲ್ಲಿಸುವ ಉಪಕರಣ) ಉಪಯೋಗಿಸುವ ಕಡೆ ಬೆಂಕಿ ಹತ್ತುವ ಭಯವೂ ಇದೆ.

ಇಂಜೆಕ್ಷನ್ ಸಮಯದ ಬಗ್ಗೆ ನಾನೇ ಕೇಳಿದೆ. ಸೆಫಜೋಲಿನ್ ಎಂಬ ಆಂಟಿಬಯಾಟಿಕ್ ಅನ್ನು ಚರ್ಮ ಕತ್ತರಿಸುವ ಮೊದಲಿನ ಒಂದು ಗಂಟೆಯೊಳಗೆ ಕೊಡಬೇಕು. ಬೆಳಗ್ಗೆ ವಾರ್ಡಿನಲ್ಲಿ ಕೊಟ್ಟು, ಸರದಿ ಬರುವುದು ಮಧ್ಯಾಹ್ನವಾದರೆ ರಕ್ತದಲ್ಲಿ ಬೇಕಾದಷ್ಟು ಔಷಧ ಉಳಿದಿರುವುದಿಲ್ಲ. ಆಪರೇಷನ್ ಮುಗಿದ ಮೇಲೆ ಕೊಟ್ಟರೆ ತಡವಾಯಿತು. ಈ ಒಂದು ಇಂಜೆಕ್ಷನ್ ಎಷ್ಟು ಕೆಲಸ ಮಾಡುತ್ತದೆ ಗೊತ್ತಾ? ಬ್ರೆಜಿಲ್‌ನಲ್ಲಿ 649 ರೋಗಿಗಳ ಮೇಲೆ ಮಾಡಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಇಂಜೆಕ್ಷನ್ ಪಡೆದವರಲ್ಲಿ ನೂರಕ್ಕೆ 0.63 ಜನರಿಗೆ ಸೋಂಕು, ಪಡೆಯದವರಲ್ಲಿ ನೂರಕ್ಕೆ 3.28. ವ್ಯತ್ಯಾಸ ಅಷ್ಟು ಸ್ಪಷ್ಟವಾಗಿದ್ದರಿಂದ ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಿದರು. ಇಡೀ ಬಿಲ್ಲಿನಲ್ಲಿ ಆ ಔಷಧದ ಬೆಲೆ ಹುಡುಕಬೇಕು, ಅಷ್ಟು ಕಡಿಮೆ. ನಮ್ಮವರ ಕೇಸ್‌ಶೀಟ್‌ನಲ್ಲಿ ಇಂಜೆಕ್ಷನ್ ಕೊಟ್ಟ ಹೊತ್ತು, ಕತ್ತರಿಸಲು ಶುರು ಮಾಡಿದ ಹೊತ್ತು ಎರಡನ್ನೂ ಬರೆದಿದ್ದರು. ಮಧ್ಯೆ ಇದ್ದದ್ದು ಅರ್ಧ ಗಂಟೆಗೂ ಸ್ವಲ್ಪ ಹೆಚ್ಚು. ಅದನ್ನು ನೋಡಿ ಮನಸ್ಸು ನಿರಾಳವಾಯಿತು. ಪೆನಿಸಿಲಿನ್ ಅಲರ್ಜಿ ಇದೆಯಾ ಎಂದು ಒಬ್ಬರಾದ ಮೇಲೊಬ್ಬರು ಕೇಳಿದರು, ಅದೂ ಸರಿಯೇ. ಅಲರ್ಜಿ ಇರುವವರಿಗೆ ವ್ಯಾಂಕೊಮೈಸಿನ್ ಎಂಬ ಬೇರೆ ಆಂಟಿಬಯಾಟಿಕ್ ಕೊಡುತ್ತಾರೆ. ಅದನ್ನು ನಿಧಾನವಾಗಿ ಹನಿಸಬೇಕಾದ್ದರಿಂದ ಇನ್ನೂ ಮುಂಚೆಯೇ ಶುರು ಮಾಡಬೇಕು.

ಬೇಸರ ಆದದ್ದು ಕ್ಯಾತ್‌ಲ್ಯಾಬ್ ಬಾಗಿಲು. ಅದು ತೆಗೆದು ಹಾಕುವುದು ನಡೆದೇ ಇತ್ತು. ಫೈಲ್ ತರುವವರು, ಫೋನ್ ಬಂದು ಹೊರಗೆ ಬರುವವರು, ಮಷಿನ್ ಕಂಪನಿಯ ಹುಡುಗ, ಮತ್ತೆ ಫೈಲ್. ಓಟಿ ಆಗಲಿ ಕ್ಯಾತ್‌ಲ್ಯಾಬ್ ಆಗಲಿ, ಒಳಗೆ ಲೋಹ ಇಡುವ ಕೆಲಸ ನಡೆಯುತ್ತಿರುವಾಗ ಓಡಾಟ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ನಾನು ಡ್ಯೂಟಿಯಲ್ಲಿದ್ದಾಗ ಬಾಗಿಲಿಗೆ ಒಬ್ಬರನ್ನು ನಿಲ್ಲಿಸುತ್ತಿದ್ದೆ. ಇಷ್ಟು ದೊಡ್ಡ ಆಸ್ಪತ್ರೆಗೆ ಅದು ಕಷ್ಟವೇನಲ್ಲ. ಅಲ್ಲೇ ದೂರು ಪುಸ್ತಕ ಕೇಳಿ ಬರೆದುಬಂದಿದ್ದೇನೆ.

ಆಪರೇಷನ್ ಹಿಂದಿನ ದಿನ ಡಾಕ್ಟರು ಒಂದು ಚೀಲದ ವಿಷಯ ತೆಗೆದರು. ಮೆಡ್‌ಟ್ರಾನಿಕ್ ಕಂಪನಿಯ ಟೈರೆಕ್ಸ್. ಬಲೆಯಂಥ ತೆಳು ಚೀಲ. ಮಷಿನ್ ಅನ್ನು ಅದರೊಳಗೆ ಇಟ್ಟು ಚರ್ಮದ ಕೆಳಗೆ ಸೇರಿಸುತ್ತಾರೆ. ಅದಕ್ಕೆ ಮಿನೊಸೈಕ್ಲಿನ್, ರಿಫಾಂಪಿಸಿನ್ ಎಂಬ ಎರಡು ಆಂಟಿಬಯಾಟಿಕ್ ಲೇಪಿಸಿರುತ್ತಾರೆ. ಕಡಿಮೆ ಎಂದರೆ ಏಳು ದಿನ ಅದೇ ಜಾಗದಲ್ಲಿ ಔಷಧ ಬಿಡುತ್ತದೆ. ಆಮೇಲೆ ಸುಮಾರು ಒಂಬತ್ತು ವಾರಗಳಲ್ಲಿ ಚೀಲ ಮೈಯಲ್ಲೇ ಕರಗಿಹೋಗುತ್ತದೆ. ಬೆಲೆ ಜಾಸ್ತಿ. ನಮ್ಮ ವಿಮೆಯಿಂದ ಅದಕ್ಕೆ ಹಣ ಸಿಗಲಿಲ್ಲ, ಕೈಯಿಂದಲೇ ಕೊಟ್ಟೆವು.

ತುಂಬಾ ಜನ ಇದರ ಬಗ್ಗೆ ಕೇಳುತ್ತಾರೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ರ‍್ಯಾಪ್-ಇಟ್ ಅನ್ನುವ ದೊಡ್ಡ ಅಧ್ಯಯನ 2019ರಲ್ಲಿ ಪ್ರಕಟವಾಯಿತು. 25 ದೇಶಗಳ ಸುಮಾರು 7000 ರೋಗಿಗಳು ಅದರಲ್ಲಿದ್ದರು. ಮಷಿನ್ ಬದಲಾಯಿಸುವವರು, ದೊಡ್ಡ ಮಷಿನ್‌ಗೆ ಏರಿಸುವವರು, ಹೀಗೆ ಅಪಾಯ ಜಾಸ್ತಿ ಇರುವವರನ್ನೇ ತೆಗೆದುಕೊಂಡಿದ್ದರು. ಒಂದು ವರ್ಷದಲ್ಲಿ ಗಂಭೀರ ಸೋಂಕು ಚೀಲ ಇಲ್ಲದವರಲ್ಲಿ ನೂರಕ್ಕೆ 1.2, ಚೀಲ ಇದ್ದವರಲ್ಲಿ 0.7. ಸೋಂಕು ಶೇಕಡಾ 40ರಷ್ಟು ಕಡಿಮೆ ಆಯಿತು ಎಂದು ಹೇಳುತ್ತಾರೆ. ಅದು ನಿಜ. ಅದನ್ನೇ ಇನ್ನೊಂದು ರೀತಿ ನೋಡಿ. ಸಾವಿರ ಜನರಿಗೆ ಚೀಲ ಹಾಕಿದರೆ ಸುಮಾರು ಐದು ಜನ ಸೋಂಕಿನಿಂದ ಪಾರಾಗುತ್ತಾರೆ. ಇದೂ ನಿಜ. ಎರಡೂ ಲೆಕ್ಕವನ್ನು ರೋಗಿಯ ಮುಂದೆ ಇಡಬೇಕು. ನಮ್ಮ ಡಾಕ್ಟರು ಇಟ್ಟರು. "ಕಡ್ಡಾಯ ಏನಿಲ್ಲ. ಇವರಿಗೆ ಸಕ್ಕರೆ, ಕಿಡ್ನಿ, ವಾರ್ಫರಿನ್ ಮೂರೂ ಇದೆ, ಇದು ಎರಡನೇ ಸಲ ಬೇರೆ. ಅದಕ್ಕೆ ಹೇಳುತ್ತಿದ್ದೇನೆ. ಯೋಚನೆ ಮಾಡಿ" ಎಂದರು. ಮೈದುನನ ಕಷ್ಟ ನೋಡಿದ್ದ ನಾವು ಹಾಕಿಸಿ ಎಂದೆವು.

ಈಗ ನಮ್ಮವರ ಗಾಯ ಒಣಗಿದೆ, ಮಷಿನ್ ಚೆನ್ನಾಗಿದೆ. ಅದನ್ನು ಚೀಲದ ಗೆಲುವು ಎಂದು ನಾನು ಬರೆಯುವುದಿಲ್ಲ. ಚೀಲ ಇಲ್ಲದಿದ್ದರೂ ಚೆನ್ನಾಗಿರುವ ಸಾಧ್ಯತೆಯೇ ಜಾಸ್ತಿ ಇತ್ತು. ಒಬ್ಬ ರೋಗಿಯಿಂದ ಅದನ್ನು ಅಳೆಯಲು ಬರುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಸಲ ಸಾಮಾನ್ಯ ಪೇಸ್‌ಮೇಕರ್ ಹಾಕಿಸಿಕೊಳ್ಳುವ, ಬೇರೆ ಕಾಯಿಲೆ ಇಲ್ಲದ ಮನುಷ್ಯರು ಇದಕ್ಕಾಗಿ ಸಾಲ ಮಾಡುವ ಅಗತ್ಯ ಇಲ್ಲ. ಅಪಾಯ ಜಾಸ್ತಿ ಇರುವವರಿಗೆ ಡಾಕ್ಟರು ಹೇಳಿದರೆ, ಹಣಕ್ಕೆ ದಾರಿ ಇದ್ದರೆ, ಒಳ್ಳೆಯ ವಸ್ತು. ಟೆಟ್ರಾಸೈಕ್ಲಿನ್ (ಮಿನೊಸೈಕ್ಲಿನ್ ಇದೇ ಗುಂಪಿನದು) ಅಥವಾ ರಿಫಾಂಪಿಸಿನ್ ಅಲರ್ಜಿ ಇರುವವರಿಗೆ ಇದು ಆಗದು, ಮೊದಲೇ ಹೇಳಿ. ಚೀಲ ಹಾಕಿದ್ದೇವೆ ಎಂದು ಉಳಿದ ಎಚ್ಚರಿಕೆಗಳನ್ನು ಸಡಿಲ ಬಿಡುವ ಕಡೆ ಮಾತ್ರ ಹಣ ಹಾಕಬೇಡಿ. ಆ ಅಧ್ಯಯನದಲ್ಲಿ ಚೀಲ ಇದ್ದವರಿಗೂ ಇಲ್ಲದವರಿಗೂ ಇಂಜೆಕ್ಷನ್, ಸ್ವಚ್ಛತೆ ಎಲ್ಲಾ ಸರಿಯಾಗಿಯೇ ಮಾಡಿದ್ದರು. ಆ ಎಲ್ಲದರ ಮೇಲೆ ಚೀಲ ಕೊಟ್ಟದ್ದು ಇಷ್ಟು.

ಮನೆಗೆ ಕಳಿಸುವಾಗ ಆಂಟಿಬಯಾಟಿಕ್ ಮಾತ್ರೆ ಕೊಡಲಿಲ್ಲ. ಪಕ್ಕದ ಬೆಡ್ಡಿನವರ ಮಗ ಇದೇ ವಿಷಯಕ್ಕೆ ಜಗಳಕ್ಕೆ ನಿಂತ. "ಇಷ್ಟು ದುಡ್ಡು ತಗೊಂಡು ಒಂದು ಮಾತ್ರೆ ಬರೆದುಕೊಡಲ್ವಾ?" ಎಂದ. ನಾನು ಅವನನ್ನು ಪಕ್ಕಕ್ಕೆ ಕರೆದು ಹೇಳಿದೆ. 19,603 ರೋಗಿಗಳ ಮೇಲೆ ಪ್ಯಾಡಿಟ್ ಎಂಬ ಅಧ್ಯಯನ ನಡೆದು 2018ರಲ್ಲಿ ಬಂತು. ಒಂದು ಗುಂಪಿಗೆ ಮಾಮೂಲಿನಂತೆ ಮುಂಚಿನ ಒಂದು ಇಂಜೆಕ್ಷನ್. ಇನ್ನೊಂದು ಗುಂಪಿಗೆ ಅದರ ಜೊತೆ ಮತ್ತೊಂದು ಆಂಟಿಬಯಾಟಿಕ್, ಮಷಿನ್ ಜಾಗ ತೊಳೆಯಲು ಔಷಧ, ಆಮೇಲೆ ಎರಡು ದಿನ ಮಾತ್ರೆ. ಸೋಂಕು ಒಂದರಲ್ಲಿ ನೂರಕ್ಕೆ 1.03, ಇನ್ನೊಂದರಲ್ಲಿ 0.78. ಇದನ್ನು ಖಚಿತವಾದ ಲಾಭ ಎಂದು ಹೇಳಲು ಆಗುವಷ್ಟು ವ್ಯತ್ಯಾಸ ಅಲ್ಲ. ಅಗತ್ಯ ಇಲ್ಲದೆ ನುಂಗಿದ ಆಂಟಿಬಯಾಟಿಕ್‌ನಿಂದ ನಾಳೆ ಔಷಧಕ್ಕೆ ಬಗ್ಗದ ರೋಗಾಣು ಹುಟ್ಟಬಹುದು. ಹುಡುಗ ಕೇಳಿಸಿಕೊಂಡು ಸುಮ್ಮನಾದ. ಆದರೆ ಇದನ್ನು ನಾನಲ್ಲ, ಆಸ್ಪತ್ರೆಯವರು ಹೇಳಬೇಕಿತ್ತು.

ಮನೆಗೆ ಬಂದ ಮೇಲೆ ನೆಂಟರು ಬರಲು ಶುರು. ನಾದಿನಿ ಅರಿಶಿನ, ಕೊಬ್ಬರಿ ಎಣ್ಣೆ ಕಲಸಿಕೊಂಡೇ ಬಂದಿದ್ದಳು. "ಅತ್ತಿಗೆ, ಹಚ್ಚಿದರೆ ಬೇಗ ಒಣಗತ್ತೆ" ಎಂದಳು. ಪ್ರೀತಿಯಿಂದ ತಂದದ್ದು, ಬೈಯಲು ಆಗುತ್ತದಾ? ಅದರಲ್ಲಿ ಉಳಿದ ಅರಿಶಿನವನ್ನು ಸಾರಿಗೆ ಹಾಕೋಣ, ಗಾಯಕ್ಕೆ ಮಾತ್ರ ಏನೂ ಬೇಡಮ್ಮ ಎಂದೆ. ಗಾಯದ ಮೇಲೆ ಅರಿಶಿನ, ವಿಭೂತಿ, ಎಣ್ಣೆ, ಪೌಡರ್, ಅಂಗಡಿಯಲ್ಲಿ ಸಿಗುವ ಮುಲಾಮು ಯಾವುದನ್ನೂ ಹಚ್ಚಬಾರದು. ಡ್ರೆಸ್ಸಿಂಗ್ ಒದ್ದೆ ಆಗಬಾರದು. ಬಗ್ಗಿ ನೋಡುವ ನೆಪದಲ್ಲಿ ಬೆರಳಿಂದ ಒತ್ತುವ ಅಭ್ಯಾಸ ನಮ್ಮ ಜನಕ್ಕೆ ಇದೆ, ಅದಕ್ಕೂ ಬಿಡಬಾರದು. ಯಜಮಾನರಿಗೆ ಕಬ್ಬಿನ ಗದ್ದೆಗೆ ಹೋಗುವ ಆಸೆ. ಗಾಯ ಪೂರ್ತಿ ಮುಚ್ಚುವ ತನಕ ಬೆವರು, ಧೂಳು, ಕಬ್ಬಿನ ಸೋಗೆಯ ಗೀರು ಯಾವುದೂ ಬೇಡ ಎಂದು ಗದ್ದೆಯ ದಾರಿಯನ್ನೇ ತಪ್ಪಿಸಿದೆ. ಮೊದಲ ಸಲ ಹಾಕಿಸಿಕೊಂಡವರಾದರೆ ಹೊಸ ವಯರ್ ಜಾರದ ಹಾಗೆ ಕೆಲವು ವಾರ ಆ ಕೈಯನ್ನು ಭುಜಕ್ಕಿಂತ ಮೇಲೆ ಎತ್ತಬಾರದು. ಹಾಗೆಂದು ಕೈಯನ್ನು ಕಟ್ಟಿಹಾಕಿದಂತೆ ಇಟ್ಟುಕೊಂಡರೆ ಭುಜ ಹಿಡಿದುಕೊಳ್ಳುತ್ತದೆ. ಸೊಂಟದ ಮಟ್ಟದಲ್ಲಿ ಆಡಿಸುತ್ತಿರಬೇಕು.

ಈ ಆಸ್ಪತ್ರೆಗೆ ನಾನು ಐದಕ್ಕೆ ನಾಲ್ಕು ಕೊಡುವುದು ಮುಖ್ಯವಾಗಿ ಮುಂದಿನ ಕಾರಣಕ್ಕೆ. ಮನೆಗೆ ಬಂದ ಕೆಲವು ದಿನಕ್ಕೆ ಮಷಿನ್ ಪಕ್ಕ ಊದಿಕೊಂಡು ಚರ್ಮ ನೀಲಿಯಾಯಿತು. ಜ್ವರ ಇರಲಿಲ್ಲ, ಬಿಸಿ ಇರಲಿಲ್ಲ. ರಾತ್ರಿ ಹೊತ್ತು. ಹತ್ತಿರ ಇದ್ದ ಒಂದು ಕ್ಲಿನಿಕ್‌ಗೆ ಮಗ ಕರೆದುಕೊಂಡು ಹೋದ. ಅಲ್ಲಿಯವರು ಸಿರಿಂಜ್‌ನಿಂದ ಸ್ವಲ್ಪ ರಕ್ತ ಎಳೆದುಬಿಡೋಣ ಎಂದರು. ನಾನು ಒಪ್ಪಲಿಲ್ಲ. ಮೈಸೂರಿಗೆ ಫೋನ್ ಮಾಡಿದೆ. ರಿಸೆಪ್ಷನ್‌ನಿಂದ ವಾರ್ಡ್, ವಾರ್ಡ್‌ನಿಂದ ಮತ್ತೆ ರಿಸೆಪ್ಷನ್. ಇದು ದೂರಿನ ಮಾತೇ, ಮುಂದೆ ಬರೆಯುತ್ತೇನೆ. ಕೊನೆಗೆ ಸಿಕ್ಕ ಡ್ಯೂಟಿ ಸಿಸ್ಟರ್ ಹೇಳಿದ ಮೊದಲ ಮಾತೇ, "ಅಮ್ಮಾ, ಯಾರಿಗೂ ಸೂಜಿ ಚುಚ್ಚಲು ಬಿಡಬೇಡಿ. ಫೋಟೋ ಕಳಿಸಿ. ಬೆಳಗ್ಗೆ ಮೊದಲ ಹೊತ್ತಿಗೆ ಬನ್ನಿ. ಅಷ್ಟರೊಳಗೆ ಜ್ವರ ಬಂದರೆ, ಊತ ಏರಿದರೆ, ಈಗಲೇ ಹೊರಡಿ." ಇಷ್ಟು ಚಿಕ್ಕ ವಯಸ್ಸಿನ ಹುಡುಗಿ, ಎಷ್ಟು ಸರಿಯಾಗಿ ಹೇಳಿದಳು. ಮಷಿನ್ ಜಾಗದ ಊತಕ್ಕೆ ಸೂಜಿ ಹಾಕಬಾರದು. ಅದು ಹೊರಗಿನ ರೋಗಾಣುವನ್ನು ನಾವೇ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗುವ ಕೆಲಸ.

ಬೆಳಗ್ಗೆ ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಅವರೇ ಫೋನ್ ಮಾಡಿ ಎಲ್ಲಿದ್ದೀರಿ ಎಂದು ಕೇಳಿದರು. ಕ್ಯೂನಲ್ಲಿ ನಿಲ್ಲಿಸದೆ ನೇರ ಒಳಗೆ ಕರೆದರು. ಊತದ ಅಂಚಿಗೆ ಪೆನ್ನಿನಿಂದ ಗೆರೆ ಎಳೆದರು, ಐಎನ್ಆರ್ ನೋಡಿದರು, ಒತ್ತಡದ ಡ್ರೆಸ್ಸಿಂಗ್ ಹಾಕಿದರು. ಗೆರೆ ದಾಟಿ ಊತ ಹರಡಿದರೆ ಮತ್ತೆ ಬನ್ನಿ ಎಂದರು. ದಾಟಲಿಲ್ಲ. ದಿನ ಕಳೆದಂತೆ ನೀಲಿ ಹಳದಿಯಾಗಿ, ಊತ ಇಳಿದುಹೋಯಿತು. ಮರಳಿ ತೆರೆಯುವ ಅವಸರ ಮಾಡಲಿಲ್ಲ, ಅದು ದೊಡ್ಡ ವಿಷಯ. ಗಾಯವನ್ನು ಬೇಗನೇ ಮತ್ತೆ ತೆರೆಯುವುದೇ ಸೋಂಕಿಗೆ ದೊಡ್ಡ ಕಾರಣಗಳಲ್ಲಿ ಒಂದು. ಚರ್ಮ ತೀರಾ ಬಿಗಿದು ನೋವು ತಡೆಯಲಾಗದ ಹಾಗೆ ಆದರೆ ಮಾತ್ರ ತೆರೆಯುತ್ತಾರೆ.

ಇನ್ನು ಕೊರತೆ. ಡಿಸ್ಚಾರ್ಜ್ ಚೀಟಿ ಪೂರ್ತಿ ಇಂಗ್ಲಿಷಿನಲ್ಲಿದೆ. ಮಳವಳ್ಳಿ, ನಾಗಮಂಗಲ, ಕೆ.ಆರ್. ಪೇಟೆಯ ಹಳ್ಳಿಗಳಿಂದ ಬಂದವರು ಆ ಚೀಟಿಯನ್ನು ಮಡಿಸಿ ಪ್ಲಾಸ್ಟಿಕ್ ಕವರ್‌ನಲ್ಲಿ ಇಡುತ್ತಾರೆ, ಅಷ್ಟೇ. ರಾತ್ರಿ ಫೋನ್ ಮಾಡಲು ನೇರ ನಂಬರ್ ಇಲ್ಲ. ನಾನು ಹಟ ಹಿಡಿದೆ, ನಾಲ್ಕು ಕಡೆ ಸುತ್ತಿಸಿದರೂ ಬಿಡಲಿಲ್ಲ. ಗದ್ದೆ ಕೆಲಸ ಮಾಡಿ ಬಂದ ಒಬ್ಬ ಹೆಂಗಸು ಎರಡನೇ ಸಲಕ್ಕೇ ಫೋನ್ ಇಟ್ಟುಬಿಡುತ್ತಾಳೆ. ಆಮೇಲೆ ಹತ್ತಿರದ ಸೂಜಿಯೇ ಗತಿ.

ಎಲ್ಲಕ್ಕಿಂತ ದೊಡ್ಡ ಕೊರತೆ, ಸೋಂಕು ತಡವಾಗಿಯೂ ಬರಬಹುದು ಎಂದು ಯಾರೂ ಹೇಳಲಿಲ್ಲ. ಹೊಲಿಗೆ ವಾಸಿಯಾದರೆ ಮುಗಿಯಿತು ಎಂದು ಜನ ತಿಳಿಯುತ್ತಾರೆ. ಮೈದುನನಿಗೆ ಬಂದದ್ದು ವರ್ಷ ದಾಟಿದ ಮೇಲೆ. ಮಷಿನ್ ಜಾಗ ಕೆಂಪಾಗುವುದು, ಬಿಸಿಯಾಗುವುದು, ನೋವು, ಚರ್ಮ ತೆಳ್ಳಗಾಗಿ ಹೊಳೆಯುವುದು, ಮಷಿನ್ ಅಂಚು ಎದ್ದು ಕಾಣುವುದು, ನೀರೋ ಕೀವೋ ಒಸರುವುದು, ಮಷಿನ್ ಚರ್ಮಕ್ಕೆ ಅಂಟಿಕೊಂಡು ಆಡದೇ ಇರುವುದು. ಇವುಗಳಲ್ಲಿ ಒಂದೇ ಕಂಡರೂ ಮಷಿನ್ ಹಾಕಿದ ಡಾಕ್ಟರ ಬಳಿಯೇ ಹೋಗಬೇಕು. ಹೊರಗೆ ಏನೂ ಕಾಣದೆ ಬರೀ ಜ್ವರ, ಚಳಿ, ಸುಸ್ತು, ತೂಕ ಇಳಿಯುವುದು ಇದ್ದರೂ ಅದು ವಯರಿನ ಸೋಂಕು ಇರಬಹುದು. ಮಂಡ್ಯದಲ್ಲಿ ಜ್ವರ ಎಂದರೆ ಟೈಫಾಯಿಡ್, ಡೆಂಗ್ಯೂ ಎಂದು ಮೊದಲು ಯೋಚಿಸುತ್ತಾರೆ. ಅದು ತಪ್ಪಲ್ಲ. ಆದರೆ ನಿಮ್ಮ ಎದೆಯಲ್ಲಿ ಪೇಸ್‌ಮೇಕರ್ ಇದೆ ಎಂದು ನೀವೇ ಮೊದಲು ಹೇಳಬೇಕು. ಕಾರಣ ಗೊತ್ತಾಗದ ಜ್ವರವಾದರೆ ಆಂಟಿಬಯಾಟಿಕ್ ಶುರು ಮಾಡುವ ಮೊದಲು ರಕ್ತದ ಕಲ್ಚರ್ (ರಕ್ತದಲ್ಲಿರುವ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ) ತೆಗೆಯಲು ಕೇಳಿ. ಒಂದು ಡೋಸ್ ಮಾತ್ರೆ ಒಳಗೆ ಹೋದರೂ ರೋಗಾಣು ಕಲ್ಚರ್‌ನಲ್ಲಿ ಸಿಗದೇ ಹೋಗಬಹುದು. ಆಮೇಲೆ ಯಾವ ರೋಗಾಣು, ಯಾವ ಔಷಧ ಎಂದು ಹುಡುಕಲು ಡಾಕ್ಟರಿಗೆ ದಾರಿಯೇ ಇರುವುದಿಲ್ಲ.

ಕೇಳುವವರು ತುಂಬಾ ಇದ್ದಾರೆ ಎಂದು ಇನ್ನೆರಡು ವಿಷಯ. ಹಲ್ಲು ಕೀಳಿಸುವಾಗ ಪೇಸ್‌ಮೇಕರ್ ಇದೆ ಎನ್ನುವ ಒಂದೇ ಕಾರಣಕ್ಕೆ ಆಂಟಿಬಯಾಟಿಕ್ ಬೇಕಿಲ್ಲ. ಕೃತಕ ಕವಾಟ ಇರುವವರಿಗೆ ಬೇಕು, ಅದು ಬೇರೆ. ವಯರ್ ಇಲ್ಲದ, ಮಾತ್ರೆಯಷ್ಟು ಪುಟ್ಟ ಪೇಸ್‌ಮೇಕರ್ ಹೃದಯದೊಳಗೇ ಕೂರುತ್ತದೆ, ಅದಕ್ಕೆ ಚರ್ಮದ ಕೆಳಗೆ ಜಾಗ ಮಾಡುವುದೇ ಇಲ್ಲ. ಅಮೆರಿಕದಲ್ಲಿ 2016ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಸೋಂಕು ಅದರಲ್ಲಿ ಬಹಳ ಅಪರೂಪ. ಡಯಾಲಿಸಿಸ್ ಮಾಡಿಸುವವರು, ಒಮ್ಮೆ ಸೋಂಕಾಗಿ ಮಷಿನ್ ತೆಗೆಸಿದವರು ಅದರ ಬಗ್ಗೆ ಡಾಕ್ಟರನ್ನು ಕೇಳಬಹುದು. ಎಲ್ಲಾ ರೀತಿಯ ಹೃದಯದ ತೊಂದರೆಗೂ ಅದು ಹೊಂದುವುದಿಲ್ಲ, ಬೆಲೆಯೂ ದುಬಾರಿ.

ಹೊಲಿಗೆ ನೋಡಲು ಹೋದಾಗ ಈ ಲಕ್ಷಣಗಳನ್ನೆಲ್ಲ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಂಡು ಹೋಗಿ ನರ್ಸಿಂಗ್ ಸೂಪರಿಂಟೆಂಡೆಂಟ್ ಅವರ ಕೈಗೆ ಕೊಟ್ಟೆ. ಡಾಕ್ಟರಿಗೆ ತೋರಿಸಿ, ತಿದ್ದಿಸಿ, ಅಚ್ಚು ಹಾಕಿಸುತ್ತೇವೆ ಎಂದರು. ಹಾಳೆಯ ಕೆಳಗೆ ರಾತ್ರಿ ಫೋನ್ ನಂಬರ್‌ಗೆ ಜಾಗ ಖಾಲಿ ಬಿಟ್ಟಿದ್ದೇನೆ, ಅದನ್ನು ಅವರೇ ತುಂಬಬೇಕು. ನೀವು ಅಲ್ಲಿಗೆ ಹೋದರೆ ಡಿಸ್ಚಾರ್ಜ್ ಹೊತ್ತಿಗೆ ಆ ಹಾಳೆ ಕೇಳಿ. ಕೊಡದಿದ್ದರೆ ಇನ್ನೊಮ್ಮೆ ಕೇಳಿ.